ಸಿಂಕಿನ ಎತ್ತರ

ಬಟ್ಟೆ ಒಗೆಯೋ ಕೋಣೆ ಒಡೆಸಿ ಇವತ್ತಿಗೆ ಹನ್ನೊಂದು ದಿನ. ಮೂರೇ ದಿನ ಅಂದಿದ್ರು. ಮನೆ ತುಂಬಾ ಸಿಮೆಂಟು ಧೂಳು, ಹಾಲ್ ಮಧ್ಯೆ ವಾಷಿಂಗ್ ಮಷೀನು, ಬಚ್ಚಲಲ್ಲಿ ಬಕೆಟ್ಟಿಗೆ ಬಗ್ಗಿ ಬಗ್ಗಿ ನನ್ನ ಸೊಂಟವಂತೂ ಬಿದ್ದೇಹೋಗಿದೆ. ಇವರನ್ನ ಕೇಳಿದ್ರೆ, "ನಿಂಗೆ ಹೇಗೆ ಬೇಕೋ ಹಾಗೆ ಮಾಡಿಸ್ಕೋ" ಅಂತ ಕೆಲಸಕ್ಕೆ ಹೊರಟುಬಿಡ್ತಾರೆ. ಸಾಕಪ್ಪಾ ಸಾಕು.

ಇಷ್ಟೆಲ್ಲ ರಾದ್ಧಾಂತ ಒಂದು ಸಿಂಕಿಗೋಸ್ಕರ. ಮಾವನ ಕಾಲು ಸ್ವಾಧೀನ ತಪ್ಪಿ, ಗಾಲಿಕುರ್ಚಿ ಹಿಡಿದು ಎರಡು ವರ್ಷ. ಎಂಟು ತಿಂಗಳಿಂದ ಹಾಸಿಗೆಯೂ ಒದ್ದೆ. ದಿನಾ ಬೆಳಿಗ್ಗೆ ಬೆಡ್‌ಶೀಟನ್ನ ಮಷೀನಿಗೆ ಹಾಕೋ ಮುಂಚೆ ಒಂದ್ಸಲ ಕೈಯಲ್ಲಿ ಜಾಲಿಸಿ ಹಿಂಡಲೇಬೇಕು, ಇಲ್ಲದಿದ್ರೆ ವಾಸನೆ ಹೋಗಲ್ಲ. ನಾನೋ ಈ ಮನೇಲಿ ಎಲ್ಲರಿಗಿಂತ ಉದ್ದ. ಇನ್ನು ಬಗ್ಗಲೇಬಾರದು ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ರು. ಅದಕ್ಕೇ ನಿಂತು ಒಗೆಯೋಕೆ ಅಗಲವಾದ ಒಂದು ಸಿಂಕು.

ಮಾವ ಈ ಬಗ್ಗೆ ತುಟಿ ಬಿಚ್ಚಿದವರಲ್ಲ. ನಲವತ್ತು ವರ್ಷ ಟೈಲರ್ ಆಗಿದ್ದವರು. ಮೊದಲೆಲ್ಲ ಮನೆ ಪರದೆ ನೋಡಿ, "ಇದನ್ನ ಯಾವನಮ್ಮಾ ಹೊಲಿದದ್ದು, ಕಣ್ಣು ಕಟ್ಕೊಂಡು ಕೂತಿದ್ನಾ?" ಅಂತ ನನ್ನ ಕಾಲೆಳೀತಿದ್ರು. ಎಂಟು ತಿಂಗಳಿಂದ ನನ್ನ ಮುಖವನ್ನೇ ನೋಡ್ತಿಲ್ಲ. ಅದು ಹಾಳಾಗಲಿ, ನೀರು ಕುಡಿಯೋದೇ ಬಿಟ್ಟಿದ್ದಾರೆ. ಮಾತ್ರೆ ನುಂಗೋಕೆ ಎರಡು ಗುಟುಕು, ಮುಗೀತು. "ಹೀಗೇ ಆದ್ರೆ ಕಿಡ್ನಿ ಕೈ ಕೊಡುತ್ತೆ" ಅಂದ್ರು ಡಾಕ್ಟರು. ಬೇಡಿಕೊಂಡೆ, ಗದರಿದೆ, ಒಂದು ದಿನ ಎದುರಿಗೇ ಅತ್ತೂಬಿಟ್ಟೆ. ಊಹೂಂ.

ಮೊನ್ನೆ ಪ್ಲಂಬರು ನನ್ನನ್ನ ಗೋಡೆ ಪಕ್ಕ ನಿಲ್ಲಿಸಿ, ಮೊಣಕೈ ಮಡಿಸೋಕೆ ಹೇಳಿ, ಟೇಪು ಹಿಡಿದು ಪೆನ್ಸಿಲಲ್ಲಿ ಗೆರೆ ಎಳೆದ. "ಮೂವತ್ತೆಂಟು ಇಂಚು ಅಕ್ಕಾ. ರಾಣಿ ಥರ ನಿಂತ್ಕೊಂಡು ಒಗೀರಿ." ಕೇಳಿಯೇ ಅರ್ಧ ನೋವು ಇಳೀತು.

ನಿನ್ನೆ ನೋಡಿದ್ರೆ ಆ ಗೆರೆಯನ್ನ ಯಾರೋ ಒರೆಸಿದ್ದಾರೆ. ಒಂದು ಗೇಣು ಕೆಳಗೆ ಬೇರೊಂದು ಗೆರೆ. ನನಗೆ ಪಿತ್ತ ನೆತ್ತಿಗೇರಿತು. "ಏನಪ್ಪಾ, ಯಾವ ಕುಳ್ಳಿಯ ಅಳತೆ ತಗೊಂಡು ಬಂದೆ?"

"ನನ್ನಾಣೆಗೂ ಇದು ನನ್ನ ಗೆರೆ ಅಲ್ಲ ಅಕ್ಕಾ." ಪಾಪ, ಮತ್ತೆ ಅಳೆದು ಎಳೆದು ಹೋದ.

ಇವತ್ತು ಬೆಳಿಗ್ಗೆ ಡ್ರಿಲ್ ಹಿಡಿದು ನಿಂತವನು ಕರೆದ. ಮತ್ತೆ ಅದೇ ಕತೆ. "ನಿಮ್ಮನೇಲಿ ಏನೋ ಗಾಳಿ ಓಡಾಡ್ತಿದೆ ಅಕ್ಕಾ."

"ಅದೊಂದು ಬಾಕಿ ಇತ್ತು" ಅಂತ ಸೊಂಟ ಹಿಡಿದು ಬಗ್ಗಿ ನೋಡಿದೆ. ನೀಲಿ ಸೀಮೆಸುಣ್ಣದ ತೆಳು ಗೆರೆ, ಎರಡೂ ತುದಿಗೆ ಒಂದೊಂದು ಪುಟ್ಟ ಅಡ್ಡಗೀಟು. ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಮಾವ ಹಾಕ್ತಿದ್ದ ಗುರುತು. ಟೈಲ್ಸ್ ಹಾಕುವಾಗ ಹೊಸ್ತಿಲು ತೆಗೆಸಿದ್ವಲ್ಲ, ಕುರ್ಚಿ ಸಲೀಸಾಗಿ ಒಳಗೆ ಬಂದಿದೆ.

ದುಡುದುಡು ಅವರ ರೂಮಿಗೆ ಹೋದೆ. "ನನ್ನ ಸೊಂಟದ ಮೇಲೆ ನಿಮಗೇನು ದ್ವೇಷ ಮಾವ?"

ಕಿಟಕಿ ಕಡೆಗೇ ನೋಡ್ತಾ ಕೂತಿದ್ರು. ತಿರುಗದೇ ಮೆಲ್ಲಗೆ ಅಂದ್ರು, "ನಂದು ನಾನೇ ಒಗೀತೀನಿ ಕಣಮ್ಮಾ. ಹೋಗಿರೋದು ಕಾಲು ತಾನೇ, ಕೈ ಗಟ್ಟಿ ಇದೆ. ನೀನು ದಿನಾ ಅದನ್ನ ಎತ್ಕೊಂಡು ಹೋಗುವಾಗ ಸತ್ತುಹೋಗೋಣ ಅನ್ಸುತ್ತೆ."

ಪಾಪ ಅನ್ನಿಸ್ತು. ಸುಳ್ಳು ಯಾಕೆ ಹೇಳಲಿ, ಸಿಟ್ಟೂ ಬಂತು. ಹನ್ನೊಂದು ದಿನ ಧೂಳು ತಿಂದವಳು ನಾನು. ಕಾಲೊರಸು, ಗಂಡನ ಗ್ರೀಸು ಮೆತ್ತಿದ ಪ್ಯಾಂಟು, ನೆಲದ ಬಟ್ಟೆ, ಇದೆಲ್ಲ ಇನ್ನೂ ನನ್ನ ತಲೆಗೇ. ಜೀವನಪೂರ್ತಿ ಬಗ್ಗಬೇಕಾ?

ಹಾಗೆ ಗೊಣಗಿಕೊಂಡೇ ಹೋಗಿ ಪ್ಲಂಬರಿಗೆ ಹೇಳಿದೆ, "ಕೆಳಗಿನ ಗೆರೆಗೇ ಹಾಕು."

"ಮತ್ತೆ ನಿಮ್ಮ ಸೊಂಟ?"

"ನನ್ನ ಸೊಂಟದ ಉಸಾಬರಿ ನಿನಗೆ ಬೇಡ. ಅಡಿಯಲ್ಲಿ ಕುರ್ಚಿ ಹೋಗಬೇಕು. ಪೈಪು ಗೋಡೆಗೆ ಅಂಟಿಸಿ ತಿರುಗಿಸು, ಮಂಡಿಗೆ ತಗಲಬಾರದು."

ಸಿಂಕು ಕೂರಿಸುವಾಗ ಮಾವ ಬಾಗಿಲಿಗೆ ಕುರ್ಚಿ ತಂದು ನಿಲ್ಲಿಸಿಕೊಂಡ್ರು. "ಎಡಕ್ಕೆ ಒಂದು ನೂಲಿನಷ್ಟು ಇಳಿದಿದೆಯಪ್ಪಾ" ಅಂದ್ರು. ಪ್ಲಂಬರು ನಗ್ತಾ ರಸಮಟ್ಟ ಇಟ್ಟು ನೋಡಿ, ನಗು ನಿಲ್ಲಿಸಿ ಬೋಲ್ಟು ಬಿಚ್ಚಿದ. ಅಂಚಿನ ಅಂಟು ಒಣಗೋವರೆಗೆ, ನಾಳೆ ತನಕ ನಲ್ಲಿ ಬಿಡಬೇಡಿ ಅಂತ ಹೇಳಿ ಹೋದ.

ಸಂಜೆ ಅಡುಗೆಮನೇಲಿ ಸ್ಟೂಲಿನ ಮೇಲೆ ಕುಸಿದು ಕೂತಿದ್ದೆ. ಕುರ್ಚಿಯ ಗಾಲಿ ಸದ್ದಾಯ್ತು.

"ಒಂದು ಲೋಟ ನೀರು ಕೊಡ್ತೀಯೇನಮ್ಮಾ?" ನನ್ನ ಮುಖ ನೋಡಿಕೊಂಡೇ ಕೇಳಿದ್ರು. "ದೊಡ್ಡ ಲೋಟದಲ್ಲೇ ಕೊಡು."

ಕೊಟ್ಟೆ. ಗಟಗಟ ಕುಡಿದು ಲೋಟ ಮತ್ತೆ ನನ್ನ ಕಡೆ ಚಾಚಿದ್ರು.

"ಇನ್ನೊಂದು."