ಆಡಿಟರನ ಸೂರು

"ಕಂಪ್ಯೂಟರ್ ತೊಗೊಳ್ತಾ ಇಲ್ಲ, ಎಲಾದಿಯೊ," ಎಂದಳು ಪುರಸಭೆಯ ಕಿಟಕಿಯಾಚೆಗಿನ ಹುಡುಗಿ. "ಶಾಲೆ ಕೆಲಸಕ್ಕೆ ನಿಮ್ಮ ಹೆಸರಲ್ಲಿ ಬಿಲ್ ಹಾಕೋಕೇ ಬರಲ್ಲ. ತೆರಿಗೆಯೋರು ತಡೆ ಹಾಕಿದಾರೆ. ಹೋದ ಚಳಿಗಾಲದಿಂದ ನೀವು ಒಂದು ರಿಟರ್ನೂ ಕಟ್ಟಿಲ್ಲ."

ಎಲಾದಿಯೊ ಮಾನ್ಸಿಯಾ ನಕ್ಕುಬಿಟ್ಟ. "ಸರಿಯಾಗಿ ನೋಡಮ್ಮಾ. ತಿಂಗಳು ತಿಂಗಳೂ ತೆರಿಗೆ ದುಡ್ಡು ಕೊಟ್ಟಿದೀನಿ, ಆಡಿಟರ್ ದೋನ್ ರೆನೆ ಕೈಗೆ."

"ದೋನ್ ರೆನೆ ಕೈಗಾ?" ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. "ಹಾಗಾದ್ರೆ ಸಮುದ್ರಕ್ಕೆ ಕೊಟ್ಟಂಗೇ ಬಿಡು."

ಸಾಲಿನವರೆಲ್ಲ ನಕ್ಕರು. ಎಲಾದಿಯೊ ತಿರುಗಿ ನೋಡಿದ. ಎಲ್ಲರಿಗೂ ಗೊತ್ತಿದ್ದ ಸಂಗತಿ ತನಗೊಬ್ಬನಿಗೆ ಗೊತ್ತಿರಲಿಲ್ಲವೆಂಬುದು ಅವನಿಗೆ ಆ ನಗುವಿನಿಂದಲೇ ತಿಳಿಯಿತು.

ಅವನದು ಮನೆಗಳಿಗೆ ತಗಡು ಹೊದಿಸುವ ಕೆಲಸ. ಸ್ವಂತ ಏಣಿ, ಸ್ವಂತ ಪಿಕಪ್ಪು, ಜೊತೆಗೆ ಹೆಂಡತಿಯ ತಮ್ಮ ನಿಬಾಲ್ದೊ. ಎದುರಿನ ದ್ವೀಪದ ಶಾಲೆಗೆ ಸೂರು ಹೊದಿಸುವ ಗುತ್ತಿಗೆ ಆ ಸಲ ಅವನಿಗೇ ಸಿಕ್ಕಿತ್ತು. ಅಷ್ಟು ದೊಡ್ಡ ಕೆಲಸ ಅವನು ಹಿಂದೆ ಕಂಡಿರಲಿಲ್ಲ. ತಗಡನ್ನು ಆಗಲೇ ಸಾಲದಲ್ಲಿ ತಂದು ಅಂಗಳದಲ್ಲಿ ಪೇರಿಸಿದ್ದ.

ಜನ ಗೌರವದಿಂದ ದೋನ್ ಎಂದು ಕರೆಯುತ್ತಿದ್ದ ರೆನೆ ಓಯಾರ್ಸೊ ಊರಿಗೆಲ್ಲ ಬೇಕಾದ ಮನುಷ್ಯ. ಮದುವೆಯ ಮನೆಯಲ್ಲಿ ಅಕಾರ್ಡಿಯನ್ ನುಡಿಸುವವನು ಅವನೇ, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುವವನೂ ಅವನೇ. ಎಲಾದಿಯೊ ಹೋದಾಗ ಎದ್ದು ನಿಂತು ಭುಜ ತಟ್ಟಿದ.

"ಬಾ ಮೇಸ್ತ್ರಿ, ಬಾ. ಕಾಫಿ ಕುಡಿ. ಏನಿಲ್ಲ ಕಣೋ, ಸರ್ವರ್ ಡೌನ್ ಆಗಿದೆ. ನಾಳೆ ಬೆಳಿಗ್ಗೆ ಮೊದಲು ನಿಂದೇ."

ಆ ನಾಳೆ ಬರಲಿಲ್ಲ. ಶಾಲೆಯ ಗುತ್ತಿಗೆ ಬೇರೊಬ್ಬನ ಪಾಲಾದ ದಿನ ಎಲಾದಿಯೊ ಮತ್ತೆ ಹೋಗಿ, ಕೂರದೆ, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ: "ಕೆಲಸ ಹೋಯ್ತು ದೋನ್ ರೆನೆ. ನಾನು ಕೊಟ್ಟ ದುಡ್ಡು ಎಲ್ಲಿ?"

ರೆನೆಯ ಮುಖದ ನಗು ಹೋಯಿತು. "ಯಾವ ದುಡ್ಡು? ರಸೀದಿ ಇದೆಯಾ? ನೋಡು ಮೇಸ್ತ್ರಿ, ಕಾನೂನಿನ ಪ್ರಕಾರ ರಿಟರ್ನ್ ಹಾಕಬೇಕಾದೋನು ನೀನು. ನಾನು ಏನೋ ಕೈಲಾದ ಸಹಾಯ ಮಾಡೋನು. ತಗಡು ಬಡಿಯೋನ ತಲೆಗೆ ಇದೆಲ್ಲ ಹತ್ತಲ್ಲ ಅಂತ ಇಷ್ಟು ವರ್ಷ ಎಳ್ಕೊಂಡು ಬಂದಿದೀನಿ. ಅದಕ್ಕೆ ಈ ಮರ್ಯಾದೆ."

ಎಲಾದಿಯೊ ಟೋಪಿ ಹಾಕಿಕೊಂಡು ಹೊರಬಿದ್ದ. ತೆರಿಗೆಯ ದಂಡಕ್ಕೂ ತಗಡಿನ ಸಾಲಕ್ಕೂ ಪಿಕಪ್ಪು ಮಾರಿದ. ಹೆಂಡತಿ ನೊರ್ಮಾ ಚಿಪ್ಪುಮೀನಿನ ಕಾರ್ಖಾನೆಗೆ ಸೇರಿದಳು. ಸಂಜೆ ಮನೆಗೆ ಬಂದರೆ ತಣ್ಣೀರಿನಲ್ಲಿ ಬಿರಿದ ಬೆರಳುಗಳಿಗೆ ಕೊಬ್ಬು ಸವರಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು.

ಚಳಿ ಕಾಲಿಡುವ ಹೊತ್ತಿಗೆ ರೆನೆಯೇ ಫೋನ್ ಮಾಡಿದ, ಏನೂ ಆಗಿಲ್ಲವೆಂಬಂತೆ. "ಮೇಸ್ತ್ರಿ, ನಮ್ಮ ಮನೆ ಸೋರ್ತಾ ಇದೆ. ಅಮ್ಮನ ಬೈಗುಳ ತಡೆಯೋಕಾಗಲ್ಲ. ನೀನು ಹೊಸ ತಗಡು ಹಾಕ್ಕೊಡು, ನಾನು ನಿನ್ನ ರಿಟರ್ನೆಲ್ಲ ಕಟ್ಟಿ ತಡೆ ತೆಗೆಸ್ತೀನಿ. ಕೊಟ್ಟು ತಗೊಳ್ಳೋದು. ಏನಂತೀಯಾ?"

"ಹೋಗ್ಬೇಡ," ಎಂದ ನಿಬಾಲ್ದೊ. ಆದರೆ ಮುಂಗಡವಿಲ್ಲದೆ ಹಳೆಯ ಬಾಕಿ ಮುಟ್ಟುವ ಇನ್ನೊಬ್ಬ ಆಡಿಟರ್ ಅವರ ದ್ವೀಪದಲ್ಲಿರಲಿಲ್ಲ. ಎಲಾದಿಯೊ ಹೋದ.

ರೆನೆಯ ತಾಯಿ ದೊನ್ಯಾ ಎದೆಲ್ಮಿರಾ ಕುಳ್ಳ ಹೆಂಗಸು, ಮಾತು ಜಾಸ್ತಿ. ಎಲಾದಿಯೊ, ನಿಬಾಲ್ದೊ ಇಬ್ಬರೂ ಹಳೆಯ ತಗಡು ಕಿತ್ತು ಕೆಳಗೆ ಎಸೆಯುತ್ತಿದ್ದರೆ ಅವಳು ಕೋಳಿಗಳನ್ನು ಅತ್ತಿತ್ತ ಓಡಿಸುತ್ತ, ಕೆಳಗಿನಿಂದಲೇ ಕೂಗಿ ಮಾತಾಡುತ್ತಿದ್ದಳು. ಮಧ್ಯಾಹ್ನ ಬಿಸಿ ಬಿಸಿ ಕೋಳಿಸಾರು ಬಡಿಸಿದಳು.

"ತಿನ್ನು ಮಗಾ, ನಾಚ್ಕೋಬೇಡ. ನಿನ್ನ ಕಷ್ಟ ಎಲ್ಲಾ ರೆನೆ ಹೇಳಿದಾನೆ. ಲೆಕ್ಕ ತಪ್ಪಿಸಿ ಜೈಲಿಗೆ ಹೋಗೋ ಹಾಗಿದ್ಯಂತಲ್ಲ, ಇವನೇ ಬಿಡಿಸಿದ್ನಂತೆ. ನನ್ನ ಮಗಂದು ಯಾರನ್ನೂ ಕೈಬಿಡೋ ಜೀವ ಅಲ್ಲ."

ನಿಬಾಲ್ದೊ ಚಮಚ ಕೆಳಗಿಟ್ಟ. ಎಲಾದಿಯೊ ತಟ್ಟೆಯಲ್ಲಿದ್ದುದನ್ನು ಪೂರ್ತಿ ಮುಗಿಸಿ, ಸೂರಿಗೆ ಹತ್ತಿ, ಅಲ್ಲಿಂದಲೇ ಫೋನ್ ಮಾಡಿದ. "ರಿಟರ್ನ್ ಹಾಕಿದ್ರಾ ದೋನ್ ರೆನೆ?"

"ಸೋಮವಾರ ಮೇಸ್ತ್ರಿ, ಸೋಮವಾರ. ಎಲ್ಲಿ ಓಡಿಹೋಗ್ತೀನಿ ನಾನು?"

ಸಮುದ್ರದ ಕಡೆಯ ಸೂರಿನ ಇಳಿಜಾರು ಪೂರ್ತಿ ತೆರೆದುಕೊಂಡಿತ್ತು. ಜಂತಿಗಳ ನಡುವಿನಿಂದ ಕೆಳಗೆ ಮುದುಕಿಯ ಹಾಸಿಗೆ, ಅದರ ಮೇಲಿನ ಹೆಣೆದ ಹೊದಿಕೆ ಕಾಣುತ್ತಿದ್ದವು. ಎಲಾದಿಯೊ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದ. "ಇಳಿ," ಎಂದ.

"ಭಾವ, ಉತ್ತರದ ಗಾಳಿ ಎದ್ದಿದೆ, ಮಳೆ ತರುತ್ತೆ," ಎಂದ ನಿಬಾಲ್ದೊ. "ಟಾರ್ಪಾಲಾದ್ರೂ ಹೊದಿಸೋಣ."

"ಟಾರ್ಪಾಲು ನಂದು."

ಎಲಾದಿಯೊ ಅದನ್ನು ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಇಳಿದ. "ನಾಳೆ ಬರ್ತೀನಮ್ಮಾ," ಎಂದು ಮುದುಕಿಗೆ ಹೇಳಿದಾಗ ಅವನ ದನಿ ರೆನೆಯ ದನಿಯಷ್ಟೇ ಸಿಹಿಯಾಗಿತ್ತು.

ಕತ್ತಲಾಗುವುದರೊಳಗೆ ಮಳೆ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಬೆಳಿಗ್ಗೆಯಿಂದ ರೆನೆ ಫೋನಿನ ಮೇಲೆ ಫೋನ್ ಮಾಡಿದ. ಎಲಾದಿಯೊ ಒಲೆಯ ಪಕ್ಕ ಕಾಲು ಚಾಚಿಕೊಂಡು ಎತ್ತಿದ.

"ಏಣಿ ಡೌನ್ ಆಗಿದೆ ದೋನ್ ರೆನೆ. ನಾಳೆ ಬೆಳಿಗ್ಗೆ ಮೊದಲು ನಿಮ್ದೇ."

ನೊರ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ತಿಂಗಳಾಗಿತ್ತು. ಅವನೂ ನಕ್ಕ. ಮರುದಿನವೂ ಮಳೆ ಹೊಯ್ಯುತ್ತಲೇ ಇದ್ದಾಗ ಅವಳು ಕಿಟಕಿಯ ಬಳಿ ನಿಂತು, "ಆ ಮುದುಕಿ ಏನ್ ಮಾಡ್ತಿರ್ತಾಳೋ," ಎಂದಳು.

"ಮಗ ಇದಾನಲ್ಲ."

ಮಗ ಇರಲಿಲ್ಲ. ಅವನು ಆಫೀಸಿನ ಸೋಫಾದ ಮೇಲೆ ಮಲಗುತ್ತಿದ್ದಾನೆಂದು ನಿಬಾಲ್ದೊ ಪೇಟೆಯಿಂದ ಸುದ್ದಿ ತಂದ. ಒಲೆಯನ್ನೂ ಕೋಳಿಗಳನ್ನೂ ಬಿಟ್ಟು ಬರಲಾರೆನೆಂದು ಮುದುಕಿ ಹಟ ಹಿಡಿದಿದ್ದಳಂತೆ. "ನನ್ನ ಕೈಗೆ ಟಾರ್ಪಾಲು ಕೊಡು ಭಾವ, ನಾನೊಬ್ಬನೇ ಹೋಗ್ತೀನಿ. ಅವಳೇನು ಮಾಡಿದ್ಲು ನಿನಗೆ?" ಎಂದ. ಎಲಾದಿಯೊ ಎದ್ದು ಹೋಗಿ ಟಾರ್ಪಾಲಿಟ್ಟಿದ್ದ ಕೊಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದ.

ಮತ್ತೆ ಫೋನ್ ಬಂತು. "ಮೇಸ್ತ್ರಿ, ವಯಸ್ಸಾದ ಜೀವ ಕಣೋ," ಎಂದ ರೆನೆ. ಅವನ ದನಿ ಒಡೆದಿತ್ತು.

"ನಿನ್ನ ಕೆಲಸ ಮುಗಿಸು. ಆಮೇಲೆ ನನಗೆ ಫೋನ್ ಮಾಡು," ಎಂದ ಎಲಾದಿಯೊ. ಇಷ್ಟು ವರ್ಷಗಳಲ್ಲಿ ಅವನು ರೆನೆಯನ್ನು ದೋನ್ ಎನ್ನದೆ ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅದೇ ಸಂಜೆ ರೆನೆ ತೊಯ್ದು ತೊಪ್ಪೆಯಾಗಿ, ತೆರಿಗೆಯ ಹಾಳೆಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಲ್ಲಾ ರಿಟರ್ನುಗಳೂ ಸಂದಾಯವಾಗಿದ್ದವು, ತಡೆ ತೆರವಾಗಿತ್ತು. ಎಲಾದಿಯೊ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಶಾಲೆಯ ಕೆಲಸ, ಪಿಕಪ್ಪು, ನೊರ್ಮಾಳ ಬೆರಳುಗಳು ಎಲ್ಲವೂ ಹೋದದ್ದು ರೆನೆ ಒಂದೇ ಮಧ್ಯಾಹ್ನದಲ್ಲಿ ಮುಗಿಸಬಹುದಾಗಿದ್ದ ಈ ಕೆಲಸಕ್ಕಾಗಿ.

"ಒಳಗೆ ಬನ್ನಿ, ಮೈ ಕಾಯಿಸ್ಕೊಳ್ಳಿ," ಎಂದಳು ನೊರ್ಮಾ. ರೆನೆ ಅವಳ ಮುಖ ನೋಡಿದವನು ಯಾಕೋ ತಟ್ಟನೆ ದೃಷ್ಟಿ ಕೆಳಗೆ ಮಾಡಿ, "ಬೇಡ ದೊನ್ಯಾ ನೊರ್ಮಾ, ಬೇಡ," ಎಂದು ಮಳೆಯಲ್ಲೇ ಹೊರಟುಹೋದ.

ಮರುದಿನ ಮೋಡ ಸರಿದಿತ್ತು. ಭಾವ ಭಾವಮೈದ ಇಬ್ಬರೂ ಏಣಿ ಹೊತ್ತು ನಡೆದೇ ಹೋದರು. ದೊನ್ಯಾ ಎದೆಲ್ಮಿರಾ ಕಪ್ಪು ಶಾಲು ಹೊದ್ದು ಗೇಟಿನವರೆಗೆ ಬಂದಳು. ಎರಡು ಹೆಜ್ಜೆಗೊಮ್ಮೆ ಕೆಮ್ಮು ಅವಳನ್ನು ಬಗ್ಗಿಸುತ್ತಿತ್ತು. ಬೈಯುತ್ತಾಳೆಂದು ಎಲಾದಿಯೊ ಕಾದ. ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ರೆನೆ ಹೇಳ್ದ ಮಗಾ. ಇಂಥಾ ದುಃಖದಲ್ಲೂ ನನ್ನ ಸೂರು ನೆನಪಿಟ್ಕೊಂಡು ಬಂದ್ಯಲ್ಲ. ಎಷ್ಟು ವಯಸ್ಸಾಗಿತ್ತು ನಿನ್ನ ಹೆಂಡ್ತಿಗೆ?"

ಮುದುಕಿ ನಿಬಾಲ್ದೊನ ಕಡೆ ತಿರುಗಿದಳು. "ನಿನ್ನ ಅಕ್ಕ ಅಲ್ವಾ ಅವಳು? ಅಳು ಮಗಾ, ಗಂಡಸರೂ ಅಳಬೇಕು. ಮಳೇಲೇ ಚರ್ಚಿಗೆ ಹೋಗಿ ಅವಳ ಹೆಸರಲ್ಲಿ ಮೇಣದಬತ್ತಿ ಹಚ್ಚಿ ಬಂದೆ."

ನಿಬಾಲ್ದೊ ಭಾವನನ್ನೇ ನೋಡಿದ. ಅವಳು ಬದುಕಿದ್ದಾಳೆ ಎಂಬ ಒಂದು ಮಾತು, ಅಷ್ಟೇ ಬೇಕಾಗಿದ್ದುದು. ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಹಾಗಾದರೆ ಯಾಕೆ ಬರಲಿಲ್ಲ?

"ಮೂವತ್ತೆಂಟು," ಎಂದ ಎಲಾದಿಯೊ.

ನಿಬಾಲ್ದೊ ಏಣಿ ಒರಗಿಸಿ, ಮೇಲೆ ಹತ್ತಿದ. ಕತ್ತಲಾಗುವವರೆಗೂ ಮೊಳೆ ಬೇಕಾದಾಗ ಸುಮ್ಮನೆ ಕೈ ಚಾಚುತ್ತಿದ್ದ. ಕೆಳಗೆ ಗೋಡೆಯ ಹಲಗೆಗಳು ಉಬ್ಬಿ ಬಿರಿದಿದ್ದವು. ನೀರು ಕುಡಿದ ಹಾಸಿಗೆಯನ್ನು ಮುದುಕಿ ಒಬ್ಬಳೇ ಬಾಗಿಲವರೆಗೆ ಎಳೆದು, ಅಲ್ಲೇ ಕೈಬಿಟ್ಟು ಕೂತಳು. ಇಬ್ಬರು ಗಂಡಸರೂ ಇಳಿದು ಬಂದು ಅದನ್ನು ಬೇಲಿಯ ಮೇಲೆ ಹಾಕಿದರು.

ಹೊರಡುವಾಗ ಅವಳು ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿಯ ಗಂಟನ್ನು ಎಲಾದಿಯೊನ ಕೈಗಿಟ್ಟಳು. "ಸತ್ತೋರ ಹೆಸರಲ್ಲಿ ಸುಟ್ಟಿದ್ದು. ಬೇಡ ಅನ್ನಬಾರದು."

ಅಡ್ಡರಸ್ತೆಯಲ್ಲಿ ನಿಬಾಲ್ದೊ ತನ್ನ ಸುತ್ತಿಗೆಯನ್ನಷ್ಟೇ ತೆಗೆದುಕೊಂಡು ಬೇರೆ ದಾರಿ ಹಿಡಿದ.

ನೊರ್ಮಾ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದಳು, ಬೂಟು ಕೂಡ ಕಳಚಿರಲಿಲ್ಲ. ಗಂಟು ಬಿಚ್ಚಿ ಮೂಸಿ ನೋಡಿದಳು. "ಅಯ್ಯೋ, ಇನ್ನೂ ಬಿಸಿ ಇದೆ! ಮುದುಕಿ ಕೊಟ್ಲಾ? ಎಷ್ಟು ಒಳ್ಳೇದಪ್ಪಾ." ನಿಂತಲ್ಲೇ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. ಇನ್ನೊಂದು ತುಂಡನ್ನು ಅವನತ್ತ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳು ಭುಜ ಕುಣಿಸಿ, ಅದಕ್ಕೂ ಬೆಣ್ಣೆ ಸವರಿ, ಬಿರಿದ ಬೆರಳಿಗೆ ಅಂಟಿದ ಚೂರನ್ನೂ ಬಿಡದೆ ನಿಧಾನವಾಗಿ ತಿಂದಳು.