ಸೋಮಾರಿ ಕೊಂಬೆ

“ಇದು ಸೋಮಾರಿ ಕೊಂಬೆ,” ಎಂದರು ಸಾಹೇಬರು. ಹೆಂಡತಿ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಕತ್ತರಿ ತನ್ನ ಕೆಲಸ ಮುಗಿಸಿತ್ತು.

“ಅಯ್ಯೋ, ಅಮ್ಮನ ಗುಲಾಬಿ ಅದೇ ಕಣ್ರೀ! ಹೂ ಬಿಡೋದು ಅದೇ. ನೀವು ಉಳಿಸಿರೋದು ಕಸಿ ಗಂಟಿನ ಕೆಳಗಿಂದ ಬಂದಿರೋ ಕಾಡು ಚಿಗುರು.”

“ಇಡೀ ಆಫೀಸ್ ನಡೆಸಿದವನು ನಾನು. ಯಾರು ಕೆಲಸಗಾರ, ಯಾರು ಮೈಗಳ್ಳ ಅಂತ ನನಗೆ ಹೇಳಿಕೊಡ್ತೀಯಾ?”

ನಿವೃತ್ತರಾದ ಮೇಲೆ ಸಾಹೇಬರ ಕೈಗೆ ಸಿಕ್ಕ ಏಕೈಕ ನೌಕರ ಆ ಗುಲಾಬಿ. ಅತ್ತೆ ಸಾಯುವ ಮುಂಚೆ ತಮ್ಮ ಕೈಯಾರೆ ಕಸಿ ಕಟ್ಟಿ ಮಗಳಿಗೆ ಕೊಟ್ಟ ಗಿಡ. ಅವರ ಮನೆ ಮಾರಿದ ಮೇಲೆ ಆ ಕಡುಗೆಂಪು ಹೂವು ಉಳಿದದ್ದು ಇದೊಂದರಲ್ಲೇ. ಸಾಹೇಬರು ಎಂದೂ ಅದಕ್ಕೆ ಒಂದು ಚೊಂಬು ನೀರು ಹಾಕಿದವರಲ್ಲ, ಹೂ ಬಿಟ್ಟಾಗ ತಲೆಯೆತ್ತಿ ನೋಡಿದವರೂ ಅಲ್ಲ. ಈಗ ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ ಪಂಡಿತರಾಗಿದ್ದರು.

ಕಾಡು ಚಿಗುರು ಕಾಂಪೌಂಡ್ ಗೋಡೆ ದಾಟಿ ಬೆಳೆಯಿತು. ಮೈತುಂಬ ಮುಳ್ಳು, ಮೊಗ್ಗು ಮಾತ್ರ ಒಂದೂ ಇಲ್ಲ.

“ಹೇಗೆ ಬೆಳೆಸಿದೀನಿ ನೋಡಿ, ಮೇಡಂ!” ಎಂದು ಪಕ್ಕದ ಮನೆಯ ಟೀಚರನ್ನು ಕರೆದು ತೋರಿಸಿದರು.

“ಹೂ ಎಲ್ಲಿ ಸಾರ್?”

“ಈ ಮಣ್ಣೇ ಸರಿಯಿಲ್ಲ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಾಹೇಬರು ನೆಲವನ್ನೇ ಬದಲಾಯಿಸಿದರು. ಗೊಬ್ಬರ ಸುರಿದರು. ಎದುರು ಕುರ್ಚಿ ಹಾಕಿಕೊಂಡು ಕುಳಿತು ಗಿಡವನ್ನು ಗದರಿಸಿದರು ಕೂಡ.

ಕತ್ತರಿ ಆಡಿದ ದಿನವೇ ಹೆಂಡತಿ ಆ ಸೋಮಾರಿ ಕೊಂಬೆಯನ್ನು ಕಸದಿಂದ ಹೆಕ್ಕಿ, ತುಂಡು ಮಾಡಿ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹಳೆಯ ಎಣ್ಣೆ ಡಬ್ಬದಲ್ಲಿ ನೆಟ್ಟಿದ್ದಳು. ಉಳಿದವೆಲ್ಲ ಕೊಳೆತು ಒಂದು ತುಂಡು ಮಾತ್ರ ಬೇರು ಬಿಟ್ಟಿತು. ಅಲ್ಲಿ ಅದಕ್ಕೆ ಕತ್ತರಿಯ ಭಯವಿರಲಿಲ್ಲ. ಒಗೆಯುವ ಕಲ್ಲಿನ ಕಡೆ ಸಾಹೇಬರು ಹುಟ್ಟಿದಾಗಿನಿಂದ ಸುಳಿದವರಲ್ಲ.

ತಿಂಗಳುಗಳು ಕಳೆದು, ಒಂದು ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಕಡುಗೆಂಪು ಗುಲಾಬಿಯೊಂದು ನಿಂತಿತ್ತು. ಕೋಣೆಯೆಲ್ಲ ಅದರದೇ ಘಮ. ಸಾಹೇಬರು ಪೇಪರ್ ಸರಿಸಿದರು.

“ಅಂಗಡೀದಾ?”

ಅವಳು ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು.

“ಹೂಂ.”

“ನೋಡಿದ ತಕ್ಷಣ ಗೊತ್ತಾಯ್ತು. ಬರೀ ಔಷಧಿ ಹೊಡೆದು ಬೆಳೆಸಿರ್ತಾರೆ. ತಾಳು, ನಮ್ದು ಬಿಡಲಿ. ಹೂವು ಅಂದ್ರೆ ಏನು ಅಂತ ಆಗ ತೋರಿಸ್ತೀನಿ.”

ಅವಳು ಲೋಟವನ್ನು ಅವರ ಮುಂದಿನಿಂದ ಎತ್ತಿ, ತನ್ನ ತಟ್ಟೆಯ ಪಕ್ಕ ಇಟ್ಟುಕೊಂಡಳು.