ಬಾಂಬ್ ಷಡ್ಡಕ, ಮೂಟೆ ಷಡ್ಡಕ

ಅಕ್ಕ ತಂಗಿಯರನ್ನ ಮದುವೆಯಾದ ಗಂಡಸರು ಷಡ್ಡಕರು. ಇವರದು ರಕ್ತ ಸಂಬಂಧ ಅಲ್ಲ, ರಕ್ತ ಕುದಿಯೋ ಸಂಬಂಧ. ನಮ್ಮ ಈ ಇಬ್ಬರೂ ವಾಯುಪಡೆಯಿಂದ ನಿವೃತ್ತರಾದವರು. ದೊಡ್ಡವನು ಬಾಂಬರ್ ವಿಮಾನದಲ್ಲಿ ಗುರಿ ನೋಡಿ ಗುಂಡಿ ಒತ್ತೋ ಕೆಲಸದವನು, ಅದಕ್ಕೆ ಮನೆಮಂದಿಗೆಲ್ಲ ಬಾಂಬ್ ಷಡ್ಡಕ. ಚಿಕ್ಕವನು ಸಾಮಾನಿನ ವಿಮಾನದಲ್ಲಿ ಮೂಟೆ ಜೋಡಿಸಿ ಆಕಾಶದಿಂದ ಕೆಳಗೆ ತಳ್ಳುತ್ತಿದ್ದವನು. ಮೂಟೆ ಷಡ್ಡಕ.

ಬಾಂಬ್ ಷಡ್ಡಕ ಸರ್ವೀಸಿನಲ್ಲಿ ಎಷ್ಟು ಬಾಂಬ್ ಹಾಕಿದ? ಒಂದೂ ಇಲ್ಲ. ದೊಡ್ಡ ಯುದ್ಧ ಮುಗಿದ ಮೇಲೆ ಮುಂದಿನದಕ್ಕೆ ಇರಲಿ ಅಂತ ಕಟ್ಟಿದ ವಿಮಾನ ಅದು. ಯಾರ ಕೈಗೂ ಸಿಗದಷ್ಟು ಮೇಲೆ ಹೋಗಿ, ಒಂದೇ ಒಂದು ಭಾರೀ ಬಾಂಬ್ ಬೀಳಿಸಿ ಬರಬೇಕಿತ್ತು. ಬಣ್ಣ ಬಳಿಸಿಕೊಂಡು ಸಿಂಗಾರ ಮುಗಿಸೋ ಹೊತ್ತಿಗೆ ಅಷ್ಟು ಮೇಲಕ್ಕೂ ಏರೋ ಕ್ಷಿಪಣಿ ಬಂತು. ಯುದ್ಧ ಮಾತ್ರ ಬರಲೇ ಇಲ್ಲ. ಕೊನೆಗೆ ಅದರ ಹೊಟ್ಟೆಯೊಳಗೆ ಟ್ಯಾಂಕ್ ಕೂರಿಸಿ, ಬೇರೆ ವಿಮಾನಗಳಿಗೆ ಹಾರುತ್ತಲೇ ಎಣ್ಣೆ ಕುಡಿಸೋ ಕೆಲಸ ಹಚ್ಚಿದರು. ಮೋಡದ ಮೇಲೊಂದು ಪೆಟ್ರೋಲ್ ಬಂಕ್!

ಮೂಟೆ ವಿಮಾನದ ಕಥೆ ಬೇರೆ. ಪ್ರವಾಹ ಬರಲಿ, ಭೂಕಂಪ ಆಗಲಿ, ಅದು ಹಾಜರ್. ಕಾಳು, ಕಂಬಳಿ, ಔಷಧಿ, ಒಂದ್ಸಲ ಪ್ಯಾರಾಚೂಟ್ ಕಟ್ಟಿಸಿಕೊಂಡ ಮೇಕೆಗಳೂ ಅದರಿಂದ ಇಳಿದಿದ್ದವು. ಒಂದೊಂದು ಕೆಲಸಕ್ಕೂ ಪೈಲಟ್ ಕಿಟಕಿಯ ಕೆಳಗೆ ಒಂದೊಂದು ಪುಟ್ಟ ಮೂಟೆಯ ಚಿತ್ರ. ಸಾಲು ಸಾಲು ಮೂಟೆ.

ಈಗ ಎರಡೂ ಹಳೇ ವಿಮಾನ ನಿಲ್ದಾಣದ ಮ್ಯೂಸಿಯಮ್ಮಿನಲ್ಲಿ ಅಕ್ಕಪಕ್ಕ ನಿಂತಿವೆ. ಭಾನುವಾರ ಷಡ್ಡಕರಿಬ್ಬರೂ ತಂತಮ್ಮ ವಿಮಾನದ ಮುಂದೆ ನಿಂತು ಬಂದವರಿಗೆ ವಿವರಿಸಬೇಕು. ಆದರೆ ಬಾಂಬರ್ ನೋಡೋಕೆ ಮಹಾ ಚೆಲುವ. ಬೆಳ್ಳಗೆ, ತ್ರಿಕೋನದ ರೆಕ್ಕೆ ಹರಡಿಕೊಂಡು, ಈಗಲೋ ಆಗಲೋ ಹಾರೋ ಹಾಗೆ ನಿಂತಿರುತ್ತೆ. ಜನ ಬಸ್ಸಿಳಿದವರೇ ಅಲ್ಲಿಗೆ ಓಡೋರು. ಮೂಟೆ ಷಡ್ಡಕನ ಹತ್ತಿರ ಬರೋರ ಪ್ರಶ್ನೆ ಒಂದೇ: "ಸಾರ್, ಟಾಯ್ಲೆಟ್ ಯಾವ ಕಡೆ?"

ಅತ್ತೆ ಮನೆಯಲ್ಲೂ ಇದೇ ಹಾಡು. ಫ್ಯಾನ್ ಕೆಳಗಿನ ಕುರ್ಚಿ ಬಾಂಬ್ ಷಡ್ಡಕನಿಗೆ, ಬಾಗಿಲ ಪಕ್ಕದ ಸ್ಟೂಲು ಮೂಟೆ ಷಡ್ಡಕನಿಗೆ.

"ಅಲ್ಲ ಕಣೇ, ಏನು ಕಡಿದು ಕಟ್ಟೆ ಹಾಕಿದಾನೆ ನಿನ್ನ ಭಾವ? ಒಂದು ಬಾಂಬ್ ಹಾಕಿದಾನಾ?"

"ಹಾಕ್ಲಿಲ್ಲ ಅಂತಾನೇ ನಾವೆಲ್ಲ ಬದುಕಿರೋದು. ಸುಮ್ನೆ ಊಟ ಮಾಡ್ರೀ," ಅಂದಳು ಮೂಟೆ ಷಡ್ಡಕನ ಹೆಂಡತಿ.

ಬಾಂಬರ್ ಹೊಟ್ಟೆಯಲ್ಲಿ ಬಾಂಬಿರಲಿಲ್ಲ. ಇವನ ಹೊಟ್ಟೆಯಲ್ಲಿ ಕಿಚ್ಚಿತ್ತು.

ಆ ಕಿಚ್ಚಿಗೆ ತುಪ್ಪ ಸುರಿದವರು ಮ್ಯೂಸಿಯಮ್ ಸಾಹೇಬರು. "ಶೆಡ್ ರೆಡಿಯಾಯ್ತು. ಒಂದೇ ವಿಮಾನಕ್ಕೆ ಜಾಗ. ಬಾಂಬರ್ ಒಳಗಿಡೋಣ."

"ನಮ್ದು?"

"ನಿಮ್ದು ಗಟ್ಟಿ ಜೀವ. ಮಳೆ, ಬಿಸಿಲು ಎಲ್ಲ ಕಂಡಿದ್ದೇ ತಾನೇ?"

ಗಟ್ಟಿ ಜೀವದ ಹಿಂಬದಿಯಲ್ಲಿ ತುಕ್ಕು ತಿಂದು ಕೈ ತೂರಿಸುವಷ್ಟು ತೂತಾಗಿತ್ತು. ಇನ್ನೊಂದೆರಡು ಮಳೆಗಾಲ ಹೀಗೇ ನೆನೆದರೆ ಗುಜರಿಯವನೇ ಗತಿ. ದುಡಿದವನಿಗೆ ಬಯಲು, ಮೆರೆದವನಿಗೆ ಸೂರು!

ಬಾಂಬರ್‌ನ ಒಳಗೆ ಎಳೆಯೋ ದಿನ ಟ್ರಾಕ್ಟರ್ ಬಂತು. ಮೂತಿ ಒಳಗೆ ಹೋಯ್ತು, ರೆಕ್ಕೆ ಹೋಯ್ತು, ಬಾಲ ಬಾಗಿಲ ತೊಲೆಗೆ ತಗಲಿ ನಿಂತಿತು. ಒಂದೇ ಗೇಣು ಎತ್ತರ ಜಾಸ್ತಿ.

"ಟ್ರಾಕ್ಟರ್ ಇವತ್ತು ಮಾತ್ರ ಇರೋದು," ಅಂದರು ಸಾಹೇಬರು. "ಸಂಜೆಯೊಳಗೆ ಇದು ಹೋಗ್ಲಿಲ್ಲ ಅಂದ್ರೆ ಆಚೆಗೆಳೆದು ಮೂಟೆ ವಿಮಾನ ಒಳಗೆ ತಳ್ತೀವಿ."

ಮೂಟೆ ಷಡ್ಡಕ ತನ್ನ ವಿಮಾನದ ರೆಕ್ಕೆ ನೆರಳಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದ. ಬಾಲ ತಗ್ಗಿಸೋದು ಹೇಗೆ ಅಂತ ಅವನಿಗೆ ಗೊತ್ತಿತ್ತು. ವಿಮಾನದ ಯಾವ ಕಡೆ ಎಷ್ಟು ಭಾರ ಅಂತ ನೋಡಿಯೇ ಅವನ ಕೂದಲು ನೆರೆತಿದ್ದು. ಬಾಯಿ ಬಿಡಲಿಲ್ಲ, ತುತ್ತಿಗೆ ಬಿಟ್ಟರೆ.

ಬಾಂಬ್ ಷಡ್ಡಕ ಮರಳಿನ ಮೂಟೆ ತರಿಸಿ ವಿಮಾನದ ಮೂತಿಗೆ ತುಂಬಿಸಿದ. ಭಾರಕ್ಕೆ ಮೂತಿ ಕುಸಿಯಿತು, ಬಾಲ ಇನ್ನಷ್ಟು ಮೇಲೆದ್ದು ತೊಲೆಗೆ ಒತ್ತಿಕೊಂಡಿತು. ಸಾಹೇಬರು ನಿಟ್ಟುಸಿರು ಬಿಟ್ಟು ಮೂಟೆ ವಿಮಾನದ ಕಡೆ ನಡೆದು ಬಂದರು. ಗೆದ್ದೆ ಅಂದುಕೊಂಡ ಮೂಟೆ ಷಡ್ಡಕ. ಆ ಊಟದ ರುಚಿ ಜನ್ಮದಲ್ಲಿ ಕಂಡಿರಲಿಲ್ಲ.

ಅಷ್ಟರಲ್ಲಿ ಬಾಂಬ್ ಷಡ್ಡಕನ ಗಂಟಲು ಕೇಳಿಸಿತು. "ಇನ್ನೂ ನಾಲ್ಕು ಮೂಟೆ ಮೂತಿಗೇ ಹಾಕ್ರೋ! ಮೂಟೆ ಹಾಕೋದೇನು ದೊಡ್ಡ ವಿದ್ಯೆನಾ?"

ಡಬ್ಬಿ ಮುಚ್ಚಳ ಹಾರಿತು.

"ಭಾವ! ತಕ್ಕಡಿ ನೋಡಿದೀರಾ ಜನ್ಮದಲ್ಲಿ? ಮೂತಿಗೆ ಹಾಕಿದ್ರೆ ಬಾಲ ಏಳದೆ ಇನ್ನೇನು ಮಾಡುತ್ತೆ? ಬಾಲದ ಕಡೆ ಹಾಕ್ರೀ, ಮೂತಿ ಎದ್ದು ಬಾಲ ತಗ್ಗುತ್ತೆ! ಅದೂ ಒಂದೊಂದೇ. ಜಾಸ್ತಿಯಾದ್ರೆ ಬಾಲ ಊರಿ ಕೂತ್ಬಿಡುತ್ತೆ!"

ಎಲ್ಲರೂ ತಿರುಗಿ ನೋಡಿದರು. ಮೂಟೆ ಷಡ್ಡಕ ನಾಲಿಗೆ ಕಚ್ಚಿಕೊಂಡ. ಮಾತು ಆಗಲೇ ಕೆಳಗೆ ಬಿದ್ದಾಗಿತ್ತು, ಅದಕ್ಕೆ ಪ್ಯಾರಾಚೂಟೂ ಇರಲಿಲ್ಲ.

ಇನ್ನೊಬ್ಬರು ಅಡ್ಡಾದಿಡ್ಡಿ ಜೋಡಿಸೋದನ್ನ ನೋಡೋಕಾಗದೆ ತಾನೇ ಹತ್ತಿದ. ಮೂತಿಯಿಂದ ತೆಗೆಸಿ, ಬಾಲದ ಕಡೆ ಒಂದೊಂದೇ ಇಟ್ಟು, ಕೈಯಿಂದ ತಟ್ಟಿ ಕೂರಿಸಿದ. ಬಾಂಬರ್ ನಿಧಾನಕ್ಕೆ ಮೂತಿ ಎತ್ತಿತು, ಬಾಲ ತಗ್ಗಿತು, ತೊಲೆಯ ಕೆಳಗೆ ನುಸುಳಿ ಒಳಗೆ ಹೋಯ್ತು. ಚಪ್ಪಾಳೆ ಬಿತ್ತು. ಅದು ಮುಗಿದ ಮೇಲೆ ಅವನು ತಿರುಗಿ ತನ್ನ ವಿಮಾನ ನೋಡಿದ. ಬಯಲಲ್ಲಿ ಒಂಟಿಯಾಗಿ ನಿಂತಿತ್ತು, ಪಾಪ.

ಮುಂದಿನ ಭಾನುವಾರ ಬಂದು ನೋಡಿದರೆ ಅದರ ಬೆನ್ನ ಮೇಲೆ ತಾಡಪಾಲು. ಬಾಂಬರ್ ಇಷ್ಟು ವರ್ಷ ಮಳೆ ಬಂದಾಗೆಲ್ಲ ಹೊದ್ದು ಬಿಟ್ಟದ್ದು. ಬಾಂಬ್ ಷಡ್ಡಕ ತಾನೇ ಹತ್ತಿ ಕಟ್ಟಿಸಿದ್ದನಂತೆ. ಮಳೆಯೇನೋ ತಡೆಯುತ್ತೆ. 'ನಮಗೆ ಯಾವಾಗಲೂ ಉಟ್ಟು ಬಿಟ್ಟಿದ್ದೇ,' ಅಂತ ಗೊಣಗುತ್ತಾ, ಹೆಂಡತಿಯನ್ನ ಕರಕೊಂಡು ಶೆಡ್ಡಿಗೆ ಹೋದ.

ಒಳಗೆ ಜನ ತುಂಬಿದ್ದರು. ಬಾಂಬ್ ಷಡ್ಡಕ ವಿವರಿಸುತ್ತಿದ್ದ: "ಇದು ಯುದ್ಧ ಕಾಣಲಿಲ್ಲ, ಬಾಂಬೂ ಹಾಕಲಿಲ್ಲ. ಹಾಕಿಸಿಕೊಂಡಿದ್ದು ಮೂಟೆ. ಅದನ್ನ ಜೋಡಿಸಿದೋರು ಅಗೋ, ಅಲ್ಲಿದಾರೆ. ನಮ್ಮ ಷಡ್ಡಕರು. ಇವರಿಲ್ದಿದ್ರೆ ಇದು ಮಳೇಲಿರ್ತಿತ್ತು."

ಜನ ತಿರುಗಿದರು. ಒಬ್ಬರು ಫೋಟೋ ಕೇಳಿದರು, ಟಾಯ್ಲೆಟ್ ಕೇಳಲಿಲ್ಲ. ಮೂಟೆ ಷಡ್ಡಕನ ಎದೆ ಉಬ್ಬಿತು. ಉಬ್ಬಿದ ಎದೆಯಲ್ಲೇ ತಲೆಯೆತ್ತಿ ಬಾಂಬರ್ ಕಿಟಕಿಯ ಕೆಳಗೆ ನೋಡಿದ. ಅಲ್ಲಿ ಹೊಸದಾಗಿ ಬರೆದ ಒಂದು ಮೂಟೆಯ ಚಿತ್ರ.

ಜನ ಕರಗಿದ ಮೇಲೆ ಏಣಿ ಹತ್ತಿ, ಬೆರಳಿಟ್ಟು ಅಳೆದ. ತನ್ನ ವಿಮಾನದ ಮೂಟೆಗಿಂತ ಎರಡು ಬೆರಳು ದಪ್ಪ!

"ಇಳೀರಿ, ಊಟಕ್ಕೆ ಹೊತ್ತಾಯ್ತು," ಅಂದಳು ಕೆಳಗಿಂದ ಹೆಂಡತಿ.

"ಬಣ್ಣದ ಡಬ್ಬಿ ಎಲ್ಲಿದೆ ಅಂತ ನಿಮ್ಮ ಭಾವನ್ನ ಕೇಳು."

"ಅಯ್ಯೋ, ಅವರು ಆಸೆಪಟ್ಟು ಬರೆದಿದ್ದನ್ನ ಅಳಿಸ್ತೀರಾ?"

"ಅಳಿಸೋದ್ಯಾಕೆ? ನಮ್ಮವನ್ನೆಲ್ಲ ದಪ್ಪ ಮಾಡ್ತೀನಿ."